ಸಭಾಂಗಣದಲ್ಲಿ ಅತಿಥಿಗಳನ್ನು ಕೂರಿಸುವುದು ಹೇಗೆ?

ಮುಂಬೈಯ ಮಾಟುಂಗದಲ್ಲಿ ಕನ್ನಡ ಕಾರ್ಯಕ್ರಮವೆಂದರೆ ದಾರಿ ತೋರುವ ಕೆಲಸ ರೈಲು ಇಳಿಯುವಲ್ಲೇ ಶುರು. ಮಾಟುಂಗ ಸೆಂಟ್ರಲ್ ಲೈನಿನ ಸ್ಟೇಷನ್, ಮಾಟುಂಗ ರೋಡ್ ವೆಸ್ಟರ್ನ್ ಲೈನಿನದು. ಹಳಿಯ ಪೂರ್ವಕ್ಕಿರುವ ಮೈಸೂರು ಅಸೋಸಿಯೇಷನ್ ಸಭಾಂಗಣಕ್ಕೆ ವೆಸ್ಟರ್ನ್ ಲೈನಿನಲ್ಲಿ ಬೋರಿವಲಿ ಕಡೆಯಿಂದ ಬರುವವರು ಸೇತುವೆ ಹತ್ತಿಳಿದು ನಡೆಯಬೇಕು. ಮೊಣಕಾಲು ನೋವಿನ ಹಿರಿಯರಿಗೆ ಅದು ಸುಲಭವಲ್ಲ. ಆಮಂತ್ರಣದಲ್ಲೇ ಯಾವ ಲೈನು, ಪೂರ್ವವೋ ಪಶ್ಚಿಮವೋ ಎಂದು ಬರೆಯಿರಿ. ಭಾನುವಾರವಾದರೆ ಮೆಗಾ ಬ್ಲಾಕ್, ಅಂದರೆ ಹಳಿ ದುರಸ್ತಿಗೆಂದು ರೈಲು ಓಡಾಟ ಕಡಿತಗೊಳಿಸುವ ಹೊತ್ತಿನ ವಿವರವನ್ನೂ ಸೇರಿಸಿ.

300 ಕುರ್ಚಿಗಳ ಸಭಾಂಗಣಕ್ಕೆ 7 ಸ್ವಯಂಸೇವಕರು ಸಾಕು: ಗೇಟಿಗೆ ಒಬ್ಬರು, ಮೆಟ್ಟಿಲು-ಲಿಫ್ಟಿನ ಬಳಿ ಒಬ್ಬರು, ಬಾಗಿಲಿಗೆ ಇಬ್ಬರು, ನಡುದಾರಿಗೆ ಇಬ್ಬರು, ಬದಲಿ ಆಳಾಗಿ ಒಬ್ಬರು. ಒಂದು ಗಂಟೆ ಮೊದಲೇ ಬಂದು ಶೌಚಾಲಯ, ಕುಡಿಯುವ ನೀರು, ತುರ್ತು ಬಾಗಿಲು ಎಲ್ಲವನ್ನೂ ನೋಡಿಕೊಳ್ಳಿ. ತುರ್ತು ಬಾಗಿಲಿಗೆ ಬೀಗವಿದ್ದರೆ ಆಗಲೇ ತೆಗೆಸಿ. ಮಳೆಗಾಲದಲ್ಲಿ ಒದ್ದೆ ಕೊಡೆಗೆ ಬಾಗಿಲ ಹೊರಗೊಂದು ಬಕೆಟ್ ಇಡಿ, ಇಲ್ಲವಾದರೆ ಮೆಟ್ಟಿಲ ಮೇಲೆ ಜನ ಜಾರುತ್ತಾರೆ.

ಕೆಲಸ ಕೆಡುವುದು ಹೆಚ್ಚಾಗಿ ಸಾಲು ತುಂಬಿಸುವಲ್ಲಿ. ಮೊದಲು ಬಂದವರು ತುದಿಯ ಕುರ್ಚಿ ಹಿಡಿಯುತ್ತಾರೆ, ನಡುವಿನ ಐದಾರು ಖಾಲಿ ಉಳಿಯುತ್ತವೆ, ತಡವಾಗಿ ಬಂದವರು ಎಲ್ಲರ ಮೊಣಕಾಲು ದಾಟಿ ಹೋಗಬೇಕಾಗುತ್ತದೆ. ಆದ್ದರಿಂದ ಒಳಗಿನಿಂದ ತುಂಬಿಸಿ. ದೂರದಿಂದ ಬೆರಳು ಮಾಡಿ "ಅಲ್ಲಿ" ಎನ್ನಬೇಡಿ. ಎರಡು ಹೆಜ್ಜೆ ಮುಂದೆ ನಡೆದು ಸಾಲಿನ ಬಳಿ ನಿಂತು, ಅಂಗೈ ತೆರೆದು ತೋರಿಸಿ, "ಬನ್ನಿ ಅಮ್ಮ, ಇನ್ನೂ ಸ್ವಲ್ಪ ಒಳಗೆ ಹೋಗಿ" ಎಂದರೆ ಯಾರೂ ಬೇಸರಪಡುವುದಿಲ್ಲ. ತುದಿಯ ಕುರ್ಚಿಗಳು ಊರುಗೋಲು ಹಿಡಿದವರಿಗೆ, ಎಳೆಮಕ್ಕಳ ತಾಯಂದಿರಿಗೆ, ಸನ್ಮಾನಕ್ಕೆ ವೇದಿಕೆ ಹತ್ತುವವರಿಗೆ ಇರಲಿ. ಕಾಯ್ದಿರಿಸಿದ ಕುರ್ಚಿಗೆ ಹೆಸರು ಬರೆದ ಚೀಟಿ ಅಂಟಿಸಿ. ಬರೀ "ಗಣ್ಯರು" ಎಂದಿದ್ದರೆ ಅಲ್ಲಿ ಯಾರಾದರೂ ಕೂರುತ್ತಾರೆ, ಎಬ್ಬಿಸುವುದು ನಿಮಗೂ ಅವರಿಗೂ ಮುಜುಗರ. ಶುರುವಾಗಿ 10 ನಿಮಿಷ ಕಳೆದರೂ ಬಾರದವರ ಕುರ್ಚಿಯನ್ನು ನಿಂತವರಿಗೆ ಬಿಟ್ಟುಕೊಡಿ. ಜಾಗ ಸಾಲದೆಂದು ನಡುದಾರಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಲು ಮಾತ್ರ ಒಪ್ಪಲೇಬೇಡಿ. ಬೆಂಕಿ ಬಿದ್ದರೆ ಜನ ಓಡಬೇಕಾದ ದಾರಿ ಅದು.

ದೀಪ ಆರಿದ ಮೇಲೆ ಬಂದವರನ್ನು ಬಾಗಿಲ ಒಳಗೆ ಅರ್ಧ ನಿಮಿಷ ನಿಲ್ಲಿಸಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಹಾಡು ಮುಗಿದು ಚಪ್ಪಾಳೆ ಬೀಳುವಾಗ ಕರೆದೊಯ್ಯಿರಿ. ಟಾರ್ಚಿನ ಬೆಳಕು ಅವರ ಪಾದದ ಮುಂದೆ ನೆಲಕ್ಕೆ ಬೀಳಬೇಕು, ಮುಖಕ್ಕಲ್ಲ.

ಮುಗಿಯುವ 5 ನಿಮಿಷ ಮೊದಲು ಎಲ್ಲ ಬಾಗಿಲು ತೆರೆಸಿ. ಊಟವಿದ್ದರೆ ಬಾಗಿಲಿಗೆ ಹತ್ತಿರದ ಸಾಲುಗಳನ್ನು ಮೊದಲು ಏಳಿಸಿ. ಎಲ್ಲರೂ ಹೋದ ಮೇಲೆ ಕುರ್ಚಿಗಳ ಕೆಳಗೆ ಟಾರ್ಚ್ ಹಾಯಿಸಿ: ಕನ್ನಡಕ, ಕೊಡೆ, ರೈಲಿನ ಪಾಸು ಅಲ್ಲೇ ಬಿದ್ದಿರುತ್ತವೆ.