ಹೊಲಿಗೆ ಬಿಚ್ಚಿದ ಮೇಲೆ: ಕಲೆಯನ್ನು ಒಂದು ವರ್ಷ ನೋಡಿಕೊಳ್ಳುವುದು ಹೇಗೆ?

ಹೊಲಿಗೆ ಬಿಚ್ಚಿದ ದಿನ ನನ್ನ ಹೆಗಲ ಮೇಲಿನ ಗೆರೆ ಪೆನ್ಸಿಲಿನಲ್ಲಿ ಎಳೆದಷ್ಟು ತೆಳ್ಳಗಿತ್ತು. ದೊಡ್ಡದೊಂದು ಮಚ್ಚೆ ತೆಗೆಸಿದ್ದೆ, ಉಳಿದದ್ದು ಇಷ್ಟೇನಾ ಎಂದು ಸಮಾಧಾನಪಟ್ಟುಕೊಂಡೆ. ಎರಡೂವರೆ ತಿಂಗಳ ಹೊತ್ತಿಗೆ ಅದೇ ಗೆರೆ ಕೆಂಪೇರಿ, ಉಬ್ಬಿ, ಬೆರಳಾಡಿಸಿದರೆ ಹುರಿಯಂತೆ ಗಟ್ಟಿಯಾಗಿ ಸಿಗುತ್ತಿತ್ತು. ರಾತ್ರಿ ತುರಿಕೆ ಬೇರೆ. ಏನೋ ಎಡವಟ್ಟಾಗಿದೆ ಎಂದೇ ನಂಬಿದ್ದೆ. ಏನೂ ಆಗಿರಲಿಲ್ಲ. ಕಲೆ ಮಾಗುವ ದಾರಿಯೇ ಅದು. ಮೊದಲು ಚೆನ್ನಾಗಿ ಕಾಣುತ್ತದೆ, ನಡುವೆ ಕೆಡುತ್ತದೆ, ಆಮೇಲೆ ನಿಧಾನವಾಗಿ ತಿಳಿಯಾಗುತ್ತದೆ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ರಾತ್ರಿಗಳ ಚಿಂತೆ ತಪ್ಪುತ್ತಿತ್ತು. ಮುಖ ಬಿಗಿ ಮಾಡಿಸಿಕೊಂಡವರಿಗೂ, ಹೊಟ್ಟೆಯ ಜೋಲು ಚರ್ಮ ತೆಗೆಸಿದವರಿಗೂ, ಕಣ್ಣಿನ ರೆಪ್ಪೆ ತಿದ್ದಿಸಿಕೊಂಡವರಿಗೂ ಈ ಲೆಕ್ಕ ಹೆಚ್ಚುಕಡಿಮೆ ಒಂದೇ. ನಿಮ್ಮ ಸರ್ಜನ್ ಬೇರೆ ರೀತಿ ಹೇಳಿದ್ದರೆ ಅವರ ಮಾತೇ ಮೊದಲು.

ಆಪರೇಷನ್‌ಗೆ ಮುಂಚೆ

ಕಲೆಯ ಆರೈಕೆ ಇಲ್ಲಿಂದಲೇ ಶುರು. ಸಿಗರೇಟು ಸೇದುವವರು ಕನಿಷ್ಠ 4 ವಾರ ಮುಂಚೆ ನಿಲ್ಲಿಸಬೇಕು, ಗಾಯ ಮಾಯುವವರೆಗೆ ಮತ್ತೆ ಮುಟ್ಟಬಾರದು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ, ಹೊಲಿಗೆಯ ಅಂಚಿಗೆ ಬೇಕಾದ ರಕ್ತ ತಲುಪುವುದಿಲ್ಲ. ನಿಮಗಾಗಲಿ, ಒಡಹುಟ್ಟಿದವರಿಗಾಗಲಿ ಹಿಂದೆ ಕಿವಿ ಚುಚ್ಚಿಸಿದಾಗ, ಮೊಡವೆ ಒಡೆದಾಗ ಗಂಟು ಕಟ್ಟಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ಗೆರೆ ಎಲ್ಲಿ ಬೀಳುತ್ತದೆ ಎಂದು ಕೇಳಲು ಸಂಕೋಚ ಬೇಡ. ಚರ್ಮಕ್ಕೆ ಅದರದೇ ಎಳೆತದ ದಿಕ್ಕಿದೆ. 1861ರಲ್ಲಿ ಆಸ್ಟ್ರಿಯಾದ ಅಂಗರಚನಾ ತಜ್ಞ ಕಾರ್ಲ್ ಲ್ಯಾಂಗರ್ ಶವಗಳ ಚರ್ಮಕ್ಕೆ ದುಂಡನೆಯ ಮೊನೆಯಿಂದ ಚುಚ್ಚಿ ನೋಡಿದಾಗ, ದುಂಡಗಿರಬೇಕಿದ್ದ ತೂತುಗಳು ಒಂದೇ ದಿಕ್ಕಿಗೆ ಉದ್ದುದ್ದ ಹಿಗ್ಗಿದ್ದವು. ಅವನ್ನು ಸೇರಿಸಿ ಎಳೆದ ಗೆರೆಗಳಿಗೆ ಇಂದಿಗೂ ಲ್ಯಾಂಗರ್ ರೇಖೆಗಳೆಂದೇ ಹೆಸರು. ಮುಖದಲ್ಲಾದರೆ ಸರ್ಜನ್‌ಗಳು ಸುಕ್ಕಿನ ಗೆರೆಗಳನ್ನೇ ಹೆಚ್ಚು ನಂಬುತ್ತಾರೆ. ಎಳೆತದ ಗುಂಟ ಕೊಯ್ದರೆ ಕಲೆ ತೆಳ್ಳಗೆ, ಅಡ್ಡ ಕೊಯ್ದರೆ ಅಗಲ. ರೆಪ್ಪೆಯ ಮಡಿಕೆಯ ಕಲೆ ಬೇಗ ಕಣ್ಮರೆಯಾಗುವುದಕ್ಕೂ ಹೆಗಲು, ಎದೆಗಳ ಕಲೆ ಹಿಗ್ಗುವುದಕ್ಕೂ ಈ ಎಳೆತ ಮುಖ್ಯ ಕಾರಣ. ಡಾಕ್ಟರ ಕೈಗುಣವನ್ನು ದೂರುವ ಮುನ್ನ ಕಲೆ ಎಲ್ಲಿದೆ ಎಂದು ನೋಡಿ.

ಮೊದಲ ಎರಡು ವಾರ

ಹೊಲಿದ ಗಾಯದ ಮೇಲ್ಪದರ ಒಂದೆರಡು ದಿನದಲ್ಲೇ ಕೂಡಿಕೊಳ್ಳುತ್ತದೆ. ಗಾಯಕ್ಕೆ ಗಾಳಿಯಾಡಲಿ, ಒಣಗಿ ಹಕ್ಕಳೆ ಕಟ್ಟಲಿ ಎಂಬ ಹಳೆಯ ನಂಬಿಕೆಯನ್ನು ಬಿಡಬೇಕು. 1962ರಲ್ಲಿ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಚರ್ಮದ ಮೇಲೆ ಮಾಡಿದ ಪ್ರಯೋಗದಲ್ಲಿ, ತೇವ ಆರದಂತೆ ಮುಚ್ಚಿದ ಗಾಯಗಳ ಮೇಲೆ ಹೊಸ ಚರ್ಮ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಹರಡಿತ್ತು. ಹಕ್ಕಳೆ ಕಟ್ಟಿದರೆ ಹೊಸ ಜೀವಕೋಶಗಳು ಅದರ ಅಡಿಯಲ್ಲಿ ತೂರಿಕೊಂಡು ಬರಬೇಕು. ಆದ್ದರಿಂದ ಡಾಕ್ಟರು ಒಪ್ಪಿದ ಮೇಲೆ ನೀರು, ಸೌಮ್ಯ ಸೋಪಿನಿಂದ ತೊಳೆದು, ಒತ್ತಿ ಒರೆಸಿ, ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಹಚ್ಚಿ. ಹೈಡ್ರೋಜನ್ ಪೆರಾಕ್ಸೈಡ್ ಬೇಡ, ಅದು ಹೊಸ ಜೀವಕೋಶಗಳನ್ನೂ ಸುಡುತ್ತದೆ.

ಮುಖದ ಹೊಲಿಗೆಯನ್ನು ಸಾಮಾನ್ಯವಾಗಿ 5ರಿಂದ 7 ದಿನಕ್ಕೆ, ಮೈಮೇಲಿನದನ್ನು 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ತಡವಾದರೆ ದಾರದ ತೂತುಗಳೇ ಏಣಿಯ ಮೆಟ್ಟಿಲಿನಂಥ ಗುರುತಾಗಿ ಉಳಿಯುತ್ತವೆ. ಹಾಗಾಗಿ ಕೊಟ್ಟ ದಿನಕ್ಕೇ ಹೋಗಿ. ಕೆಂಪು ಸುತ್ತಲೂ ಹರಡುತ್ತಿದ್ದರೆ, ಕೀವು ಬಂದರೆ, ಜ್ವರ ಕಾಯ್ದರೆ, ಇಳಿಯಬೇಕಾದ ನೋವು ಏರಿದರೆ ಅವತ್ತೇ ತೋರಿಸಿ.

ಮೂರನೇ ವಾರದಿಂದ

ಹೆಚ್ಚಿನವರು ಮೋಸಹೋಗುವುದು ಇಲ್ಲಿ. ಮೇಲೆ ಮಾಯಿದಂತೆ ಕಾಣುತ್ತದೆ, ಒಳಗೆ ಬಲವೇ ಇರುವುದಿಲ್ಲ. ಮೂರು ವಾರಕ್ಕೆ ಕಲೆಯ ಬಲ ಮೂಲ ಚರ್ಮದ ಕಾಲು ಭಾಗದ ಆಸುಪಾಸು, ಮೂರು ತಿಂಗಳಿಗೆ ಸುಮಾರು 80%. ಪೂರ್ತಿ 100% ಎಂದೂ ಬರುವುದಿಲ್ಲ. ಈ ಅವಧಿಯಲ್ಲಿ ಭಾರ ಎತ್ತಿದರೆ, ಜಿಮ್‌ಗೆ ಓಡಿದರೆ ಗೆರೆ ಒಡೆಯದಿರಬಹುದು, ಒಳಗೊಳಗೇ ಹಿಗ್ಗುತ್ತದೆ. ಗೆರೆಯ ಮೇಲೆ ಗಾಯಕ್ಕೆ ಹಾಕುವ ಪೇಪರ್ ಟೇಪ್ ಅಂಟಿಸಿಕೊಂಡರೆ ಆ ಎಳೆತ ಕಡಿಮೆಯಾಗುತ್ತದೆ. ಅಗ್ಗದ, ಸರಳ ಉಪಾಯವಾದ್ದರಿಂದ ಯಾರೂ ಇದಕ್ಕೆ ಬೆಲೆ ಕೊಡುವುದಿಲ್ಲ.

ಗಾಯ ಪೂರ್ತಿ ಮುಚ್ಚಿ, ರಸ ಒಸರುವುದು ನಿಂತ ಮೇಲೆ ಸಿಲಿಕೋನ್ ಹಾಳೆ ಅಥವಾ ಜೆಲ್ ಶುರುಮಾಡಬಹುದು. ಹಾಳೆಯಾದರೆ ದಿನಕ್ಕೆ 12 ಗಂಟೆಗೂ ಹೆಚ್ಚು ಹೊತ್ತು, ಕನಿಷ್ಠ ಎರಡು ಮೂರು ತಿಂಗಳು ಇರಬೇಕು. ಚರ್ಮದ ತೇವ ಆರದಂತೆ ಅದು ತಡೆಯುತ್ತದೆ. ತೇವವಿದ್ದರೆ ಅಡಿಯ ಜೀವಕೋಶಗಳು ಕೊಲಾಜೆನ್, ಅಂದರೆ ಚರ್ಮಕ್ಕೆ ಬಲ ಕೊಡುವ ಪ್ರೊಟೀನ್ ಎಳೆಗಳನ್ನು, ಅತಿಯಾಗಿ ನೇಯುವುದಿಲ್ಲ.

ವಿಟಮಿನ್ ಇ ಎಣ್ಣೆಯನ್ನು ಎಲ್ಲರೂ ಹೇಳುತ್ತಾರೆ. ನಾನು ಹೇಳುವುದಿಲ್ಲ. 1999ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಅದು ಕಲೆಯನ್ನು ತಿಳಿಯಾಗಿಸಲಿಲ್ಲ. ಬದಲಿಗೆ ಹಚ್ಚಿಕೊಂಡವರಲ್ಲಿ ಮೂರನೇ ಒಂದು ಭಾಗದಷ್ಟು ಜನಕ್ಕೆ ಚರ್ಮ ಕೆರಳಿತ್ತು.

ಮಸಾಜ್ ಮಾಡುವುದಾದರೆ ಡಾಕ್ಟರ ಒಪ್ಪಿಗೆ ಪಡೆದು ಹೀಗೆ ಮಾಡಿ: ಬೆರಳ ತುದಿಯನ್ನು ಗೆರೆಯ ಮೇಲಿಟ್ಟು, ಉಗುರಿನ ಕೆಳಗಿನ ಕೆಂಪು ಬಿಳಿಚುವಷ್ಟು ಒತ್ತಿ. ಬೆರಳು ಜಾರಬಾರದು, ಬೆರಳಿನ ಜೊತೆ ಚರ್ಮವೇ ಅಡಿಯ ಪದರದ ಮೇಲೆ ಸರಿಯಬೇಕು. ಉದ್ದಕ್ಕೆ, ಅಡ್ಡಕ್ಕೆ, ಸುತ್ತಲೂ, ದಿನಕ್ಕೆರಡು ಸಲ ಐದರಿಂದ ಹತ್ತು ನಿಮಿಷ. ನೋವಾದರೆ, ಇನ್ನಷ್ಟು ಕೆಂಪಾದರೆ ಬಿಡಿ.

ಬಿಸಿಲಿನ ವಿಷಯದಲ್ಲಿ ಸಡಿಲ ಬೇಡ. ಹೊಸ ಕಲೆಗೆ ಬಿಸಿಲು ತಾಗಿದರೆ ಕಪ್ಪಾಗುತ್ತದೆ. ಗೋಧಿ ಬಣ್ಣದ, ಕಪ್ಪು ಮೈಬಣ್ಣದವರಲ್ಲಿ ಇನ್ನೂ ಹೆಚ್ಚು. ಬಟ್ಟೆಯಿಂದ ಮುಚ್ಚಿ. ಮುಚ್ಚಲಾಗದ ಕಡೆ ಎಸ್‌ಪಿಎಫ್ 30 ಅಥವಾ ಮೇಲ್ಪಟ್ಟ ಸನ್‌ಸ್ಕ್ರೀನ್, ಹೊರಗಿದ್ದರೆ ಎರಡು ಗಂಟೆಗೊಮ್ಮೆ, ಒಂದು ವರ್ಷದವರೆಗೆ.

ಕೆಂಪೇರುವ ತಿಂಗಳುಗಳು

ಗಾಯ ಮುಚ್ಚುವ ಆತುರದಲ್ಲಿ ದೇಹ ಮೊದಲು ಒರಟಾದ, ಅಡ್ಡಾದಿಡ್ಡಿ ಕೊಲಾಜೆನ್ ಹೆಣೆಯುತ್ತದೆ. ಆ ಕೆಲಸಕ್ಕೆ ರಕ್ತ ಒದಗಿಸಲು ಹೊಸ ರಕ್ತನಾಳಗಳು ಗುಂಪುಗುಂಪಾಗಿ ಹುಟ್ಟುತ್ತವೆ, ಕೆಂಪು ಅದರದ್ದೇ. ಆಮೇಲೆ ಹಳೆಯ ಎಳೆ ಬಿಚ್ಚಿ ಗಟ್ಟಿ ಎಳೆ ಹೆಣೆಯುವ ಕೆಲಸ ಒಂದು ವರ್ಷ, ಕೆಲವರಲ್ಲಿ ಎರಡು ವರ್ಷ ನಡೆಯುತ್ತದೆ. ನಿಜ ಹೇಳಬೇಕೆಂದರೆ ಅದು ಪೂರ್ತಿ ನಿಲ್ಲುವುದೇ ಇಲ್ಲ. 1740ರಿಂದ 1744ರವರೆಗೆ ಬ್ರಿಟಿಷ್ ನೌಕಾಪಡೆಯ ಜಾರ್ಜ್ ಆನ್ಸನ್ ನಡೆಸಿದ ಹಡಗುಯಾನದಲ್ಲಿ ವಿಟಮಿನ್ ಸಿ ಕೊರತೆಯ ಸ್ಕರ್ವಿ ತಗುಲಿದ ಒಬ್ಬನಿಗೆ, 50 ವರ್ಷ ಹಿಂದೆ ಯುದ್ಧದಲ್ಲಾಗಿ ಮಾಯ್ದಿದ್ದ ಗಾಯ ಮತ್ತೆ ಬಾಯಿ ಬಿಟ್ಟಿತ್ತು. ವಿಟಮಿನ್ ಸಿ ಇಲ್ಲದೆ ಹೊಸ ಎಳೆ ಹುಟ್ಟಲಿಲ್ಲ, ಹಳೆಯದು ಸವೆಯುತ್ತಲೇ ಹೋಯಿತು. ಊಟದಲ್ಲಿ ಪ್ರೊಟೀನ್, ವಿಟಮಿನ್ ಸಿ ಕಡಿಮೆಯಾಗದಿರಲಿ ಎನ್ನುವುದು ಇದಕ್ಕೇ.

ತಿಂಗಳಿಗೊಮ್ಮೆ ಒಂದೇ ಕಿಟಕಿಯ ಬೆಳಕಿನಲ್ಲಿ, ಒಂದೇ ದೂರದಿಂದ ಫೋಟೊ ತೆಗೆದಿಡಿ. ದಿನಾ ಕನ್ನಡಿ ನೋಡಿದರೆ ಬದಲಾವಣೆ ಗೊತ್ತಾಗುವುದಿಲ್ಲ. ನನ್ನ ನಾಲ್ಕನೇ ಮತ್ತು ಎಂಟನೇ ತಿಂಗಳ ಫೋಟೊಗಳನ್ನು ಪಕ್ಕಪಕ್ಕ ಇಟ್ಟಾಗಲೇ ನನಗೆ ಧೈರ್ಯ ಬಂದದ್ದು.

ಉಬ್ಬು ಗೆರೆಯೊಳಗೇ ಇದ್ದರೆ ಅದು ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಗೆರೆ ದಾಟಿ ಪಕ್ಕದ ಒಳ್ಳೆಯ ಚರ್ಮಕ್ಕೂ ಹಬ್ಬುತ್ತಿದ್ದರೆ ಅದು ಕೀಲಾಯ್ಡ್, ತಾನಾಗಿ ಇಳಿಯುವುದು ಅಪರೂಪ. ಕಿವಿಯ ಹಾಲೆ, ಎದೆಯ ನಡು, ಹೆಗಲು ಅದರ ಮೆಚ್ಚಿನ ಜಾಗಗಳು. ಕಾಯುತ್ತ ಕೂರದೆ ಚರ್ಮತಜ್ಞರನ್ನು ಕಾಣಿ, ಸ್ಟಿರಾಯ್ಡ್ ಇಂಜೆಕ್ಷನ್ ಬೇಗ ಕೊಟ್ಟಷ್ಟೂ ಒಳ್ಳೆಯದು. ಬರೀ ಕತ್ತರಿಸಿ ತೆಗೆಸಿದರೆ ಇನ್ನೂ ದೊಡ್ಡದಾಗಿ ಬರುವುದುಂಟು.

ವರ್ಷ ತುಂಬಿದ ಮೇಲೆ

ಈಗ ಉಳಿದದ್ದು ಹೆಚ್ಚುಕಡಿಮೆ ಉಳಿಯುವಂಥದ್ದು: ತೆಳು ಬಣ್ಣದ, ಕೂದಲು ಹುಟ್ಟದ, ಬೆವರದ ಒಂದು ಪಟ್ಟಿ. ಕೆಂಪು ಹೋಗದಿದ್ದರೆ ಲೇಸರ್ ಇದೆ. ಗೆರೆ ತೀರಾ ಅಗಲವಾಗಿದ್ದರೆ ಅದನ್ನು ಕತ್ತರಿಸಿ ಮತ್ತೆ ಹೊಲಿಯುವ ಚಿಕಿತ್ಸೆಯೂ ಇದೆ. ಸರ್ಜನ್‌ಗಳು ಸಾಮಾನ್ಯವಾಗಿ ಇದನ್ನು ವರ್ಷದೊಳಗೆ ಮಾಡಲು ಒಪ್ಪುವುದಿಲ್ಲ. ಮಾಡಿಸಿಕೊಂಡರೆ ಹೊಸ ಹೊಲಿಗೆ ಬಿದ್ದ ದಿನದಿಂದ ಲೆಕ್ಕ ಮತ್ತೆ ಶುರು: ಜೆಲ್ಲಿ, ಟೇಪ್, ಸಿಲಿಕೋನ್, ಮೂರನೇ ತಿಂಗಳ ಅದೇ ಕೆಂಪು.