ಸಾಂಭರ್‌ನಲ್ಲಿ ಫ್ಲೆಮಿಂಗೊ ಎಣಿಕೆ: ಕಟ್ಟೆಯ ಮೇಲಿಂದಲೇ ಆಗುತ್ತದೆ

ರಾಜಸ್ಥಾನದ ಸಾಂಭರ್ ಉಪ್ಪು ಸರೋವರದಲ್ಲಿ ಗ್ರೇಟರ್, ಲೆಸ್ಸರ್ ಎಂಬ ಎರಡು ಜಾತಿಯ ಫ್ಲೆಮಿಂಗೊಗಳನ್ನೂ ಬೇರ್ಪಡಿಸಿ ಎಣಿಸಲು ಕ್ಯಾಮೆರಾಕ್ಕೆ 600 ಎಂಎಂ ಲೆನ್ಸ್ ಇಲ್ಲದೆ ಆಗದು ಎಂದು ವಾದಿಸುತ್ತಿದ್ದವರು ಈಗ ಸುಮ್ಮನಾಗಿದ್ದಾರೆ. 20ರಿಂದ 60 ಪಟ್ಟು (ಎಕ್ಸ್) ಹಿಗ್ಗಿಸಿ ತೋರಿಸುವ ಹಳೆಯ ಸ್ಪಾಟಿಂಗ್ ಸ್ಕೋಪು, ಫೋನು, ಫೋನನ್ನು ಸ್ಕೋಪಿಗೆ ಜೋಡಿಸುವ ಅಡಾಪ್ಟರ್ ಇಷ್ಟೇ ಸಾಕು. ಸೆಕೆಂಡ್ ಹ್ಯಾಂಡ್ ಸ್ಕೋಪಿಗೆ ಮೂವತ್ತು ಸಾವಿರದ ಆಸುಪಾಸು, ಅಡಾಪ್ಟರಿಗೆ ಎರಡೂವರೆ ಸಾವಿರ. ಏಳುನೂರಕ್ಕೆ ಸಿಗುವ ಪ್ಲಾಸ್ಟಿಕ್ ಅಡಾಪ್ಟರ್ ಫೋನಿನ ಭಾರಕ್ಕೆ ಜಗ್ಗುತ್ತದೆ, ಫ್ರೇಮಿನ ಒಂದು ಅಂಚು ಕಪ್ಪಾಗುತ್ತದೆ. ದುಡ್ಡು ದಂಡ.

ಜಾಗ ಜಪೋಕ್‌ನಿಂದ ಗೂಢಾವರೆಗೆ ಸರೋವರವನ್ನು ಸೀಳುವ ಸುಮಾರು 5 ಕಿ.ಮೀ. ಕಲ್ಲಿನ ಕಟ್ಟೆ. ಪೂರ್ವಕ್ಕೆ ಉಪ್ಪು ತಯಾರಿಕೆಯ ನೀರು, ಪಾತಿಗಳು. ಪಶ್ಚಿಮಕ್ಕೆ ತೆರೆದ ಸರೋವರ. ಬೆಳಿಗ್ಗೆ ಪಶ್ಚಿಮಕ್ಕೆ ಮುಖ ಮಾಡಿ, ಸಂಜೆ ಪೂರ್ವಕ್ಕೆ, ಬಿಸಿಲು ಬೆನ್ನಿಗಿರಬೇಕು. ಫೆಬ್ರವರಿಯಲ್ಲಿ ಒಂಬತ್ತೂವರೆ ದಾಟಿದರೆ ಬಿಸಿಗಾಳಿಯ ಅಲೆಗೆ ಚಿತ್ರ ಕುದಿಯತೊಡಗುತ್ತದೆ. ಆಗ 60 ಎಕ್ಸ್ ಹಾಕಿದರೆ ಗುಲಾಬಿ ಗಂಜಿಯಷ್ಟೇ ಕಾಣುವುದು. 30 ದಾಟಬೇಡಿ.

ಹೊಸಕೋಟೆ ಕೆರೆಯಲ್ಲಿ ಮಾಡುವಂತೆ ನೂರರ ಗುಂಪು ಅಂದಾಜಿಸಿ ಗುಣಿಸುವುದು ಇಲ್ಲಿ ಕೈಕೊಡುತ್ತದೆ. ಮುಂದಿನ ಸಾಲು ಹಿಂದಿನದನ್ನು ಮರೆಮಾಡುವುದರಿಂದ ಲೆಕ್ಕ ಅರ್ಧಕ್ಕೂ ಇಳಿಯಬಹುದು. ಅದರ ಬದಲು ಮೂರನೇ ಒಂದು ಭಾಗ ಒಂದರ ಮೇಲೊಂದು ಬರುವಂತೆ ಫ್ರೇಮುಗಳನ್ನು ತೆಗೆಯುತ್ತಾ ಎರಡು ನಿಮಿಷದೊಳಗೆ ಇಡೀ ಹಿಂಡನ್ನು ದಾಟಬೇಕು. ತೊಡಕಿರುವುದು ಹಕ್ಕಿಗಳ ನಡಿಗೆಯಲ್ಲಿ. ಅವು ಮೇಯುತ್ತಾ ಒಂದೇ ದಿಕ್ಕಿಗೆ ಸರಿಯುತ್ತವೆ. ನೀವೂ ಅದೇ ದಿಕ್ಕಿಗೆ ತಿರುಗಿಸಿದರೆ ಎಣಿಸಿದ್ದೇ ಮತ್ತೆ ಮುಂದಿನ ಫ್ರೇಮಿಗೆ ಬರುತ್ತದೆ, ಎದುರು ತಿರುಗಿಸಿದರೆ ಕೆಲವು ತಪ್ಪಿಹೋಗುತ್ತವೆ. ಹಾಗಾಗಿ ಎರಡೂ ಕಡೆಯಿಂದ ತೆಗೆದು ಸರಾಸರಿ ಹಿಡಿಯುತ್ತೇನೆ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಎರಡನ್ನೂ ಬಿಸಾಡುತ್ತೇನೆ.

ಮೇಯುವಾಗ ತಲೆ ನೀರಲ್ಲಿರುವುದರಿಂದ ಬೆನ್ನು ಎಣಿಸಿ. ಮಾರ್ಷ್ ಹ್ಯಾರಿಯರ್ ಎಂಬ ಬೇಟೆಹಕ್ಕಿ ಹಾರಿಬಂದಾಗ ಕತ್ತುಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ. ಆ ಹತ್ತು ಸೆಕೆಂಡು ಬಂಗಾರ. ಲೆಸ್ಸರ್‌ನ ಕೊಕ್ಕು ಬುಡದವರೆಗೂ ಗಾಢ ಕೆಂಪು, ದೂರಕ್ಕೆ ಕಪ್ಪೇ ಅನಿಸುತ್ತದೆ; ಗ್ರೇಟರ್‌ನದು ಗುಲಾಬಿ, ತುದಿ ಮಾತ್ರ ಕಪ್ಪು. ಬೂದು ಮರಿಗಳನ್ನು ದೂರದಿಂದ ಬೇರ್ಪಡಿಸಲು ಹೋಗಬೇಡಿ, ಪ್ರತ್ಯೇಕ ಕಾಲಮ್ಮಿಗೆ ಹಾಕಿ. ಲೆಸ್ಸರ್ ಹಿಂಡು ಬೆಳಗಿನ ಹೊತ್ತು ಎಲ್ಲಿ ಕೂರುತ್ತದೆ ಎಂದು ಮೊದಲೇ ತಿಳಿಯುವ ಉಪಾಯವೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮರುವಾರವೇ ಅಲ್ಲಿ ಜೀಪುಗಳು ನಿಲ್ಲುತ್ತವೆ.

ನಡುವೆ ಉಪ್ಪುನೀರಿನ ಸಾಂದ್ರತೆ ಅಳೆಯುವ ನಾನೂರು ರೂಪಾಯಿಯ ಬೋಮೆ ಹೈಡ್ರೋಮೀಟರನ್ನೂ ಪಾತಿಗಳ ಅಂಚಿನಲ್ಲಿ ಮುಳುಗಿಸಿ ನೋಡಿದೆ, ಕೆಲಸಗಾರರನ್ನು ಕೇಳಿಯೇ. 25 ಡಿಗ್ರಿ ಬೋಮೆ ಹತ್ತಿರ ಉಪ್ಪು ಹರಳುಗಟ್ಟುತ್ತದೆ. ಡುನಾಲಿಯೆಲ್ಲಾ ಪಾಚಿಯಿಂದ ಕೆಂಪೇರಿದ ಅಂಥ ಪಾತಿಗಳಲ್ಲಿ ಹಕ್ಕಿ ಮೇಯುವುದು ಕಾಣಲಿಲ್ಲ. ಲೆಸ್ಸರ್‌ಗೆ ಬೇಕಾದದ್ದು ಸ್ಪಿರುಲಿನಾದಂಥ ಸೂಕ್ಷ್ಮ ಪಾಚಿ, ಗ್ರೇಟರ್‌ಗೆ ಸೀಗಡಿ, ಹುಳ. ಹಿಂಡುಗಳು ಬೇರೆಯಾಗಿ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಎಣಿಕೆಗೆ ಹೈಡ್ರೋಮೀಟರಿನಿಂದ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ ಅನ್ನಿ.

ಹತ್ತಿರ ಹೋಗುವ ಆಸೆಗೆ ಉಪ್ಪಿನ ಹಕ್ಕಳೆಯ ಮೇಲೆ ಕಾಲಿಡಬೇಡಿ. ಬಿಳಿ ಪದರ ಬೆರಳು ದಪ್ಪವೂ ಇರುವುದಿಲ್ಲ, ಕೆಳಗೆ ಮೊಣಕಾಲುದ್ದ ಕಪ್ಪು ಕೆಸರು. ಡ್ರೋನ್ ಬೇಡವೇ ಬೇಡ. 1990ರಿಂದ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿರುವ ಜಾಗವಿದು. ಸದ್ದಿಗೆ ಹಿಂಡು ಎದ್ದರೆ ಆ ದಿನದ ಎಣಿಕೆಯೂ ಮುಗಿಯಿತು. ಕತ್ತು ಜೋತ, ರೆಕ್ಕೆ ಎತ್ತಲಾರದ ಹಕ್ಕಿ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. 2019ರ ನವೆಂಬರಿನಲ್ಲಿ ಸಾವಿರಾರು ಹಕ್ಕಿಗಳನ್ನು ಕೊಂದ ಬಾಟುಲಿಸಂನ (ಬ್ಯಾಕ್ಟೀರಿಯಾದ ವಿಷದಿಂದ ಸ್ನಾಯುಗಳು ಸೋಲುವ ರೋಗದ) ಲಕ್ಷಣ ಇದೇ. ಸತ್ತ ಹಕ್ಕಿಯ ಹುಳ ತಿಂದ ಹಕ್ಕಿಯೂ ಸಾಯುತ್ತದೆ, ಆದ್ದರಿಂದ ಹೆಣ ತೆಗೆಯುವುದು ತಡವಾಗಬಾರದು.

ಟ್ರೈಪಾಡ್ ಕಾಲನ್ನು ಅಂದೇ ಸಂಜೆ ಬಿಚ್ಚಿ ಸಿಹಿನೀರಲ್ಲಿ ತೊಳೆಯಿರಿ. ಎರಡು ದಿನ ಬಿಟ್ಟರೆ ಅಲ್ಯೂಮಿನಿಯಂ ಕೀಲು ಬಿಳಿ ಪುಡಿ ಕಟ್ಟಿ ಹಿಡಿದುಬಿಡುತ್ತದೆ. ಬದಲಿಸಲು ಹದಿನೆಂಟು ನೂರು. ಅದಕ್ಕಿಂತ ಕಾಲಿಗೆ ಹಳೆ ಸೈಕಲ್ ಟ್ಯೂಬ್ ಸುತ್ತಿ ಇಳಿಸುವುದು ಅಗ್ಗ.