ಹಳೇ ವ್ಯಾಕ್ಯೂಮ್ ಕ್ಲೀನರಿಗೆ ಪಾರ್ಟ್ಸ್ ಹುಡುಕುವುದು ಹೇಗೆ?

"ಈ ಮಾಡೆಲ್ ಈಗ ಬರೋದಿಲ್ಲ ಮಾರಾಯ್ರೆ, ಹೊಸದು ತಗೊಂಡುಬಿಡಿ."

ಶಿರಸಿಯಲ್ಲಿ ಕೇಳಿದರೂ ಕಾರವಾರದಲ್ಲಿ ಕೇಳಿದರೂ ಉತ್ತರ ಇದೇ. ಅಂಗಡಿಯವರು ಸುಳ್ಳು ಹೇಳುತ್ತಿಲ್ಲ. ಕಂಪನಿ ಆ ಮಾಡೆಲ್ ನಿಲ್ಲಿಸಿದೆ, ಅವರ ಪಟ್ಟಿಯಲ್ಲಿ ಅದರ ಹೆಸರಿಲ್ಲ, ಅಷ್ಟೇ. ಯುರೇಕಾ ಫೋರ್ಬ್ಸ್ 1982ರಲ್ಲಿ ಶುರುವಾದ ಮೇಲೆ ಟೈ ಕಟ್ಟಿದ ಸೇಲ್ಸ್‌ಮನ್‌ಗಳು ಮನೆಮನೆಗೆ ಬಂದು ಯುರೋಕ್ಲೀನ್ ಮಾರಿದ ಕಾಲವೊಂದಿತ್ತಲ್ಲ, ಆಗಿನ ಮಷಿನ್‌ಗಳು ಇನ್ನೂ ಎಷ್ಟೋ ಮನೆಯ ಅಟ್ಟದಲ್ಲಿವೆ. ಅವುಗಳ ಹೆಸರು ಹೇಳಿದರೆ ಕೌಂಟರಿನಲ್ಲಿರುವ ಹುಡುಗ ಮುಖ ಮುಖ ನೋಡುತ್ತಾನೆ.

ಆದರೆ ಒಳಗಿರುವ ಬೇರಿಂಗು, ಕಾರ್ಬನ್ನು (ತಿರುಗುವ ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಪ್ಪು ತುಂಡು), ಸ್ವಿಚ್ಚು, ವಾಯರು ಹೆಚ್ಚಾಗಿ ಪೇಟೆಯಲ್ಲಿ ಸಿಗುವ ಮಾಲೇ. ಹಾಗಾಗಿ ಮಾಡೆಲ್ ಹೆಸರು ಹಿಡಿದು ಅಲೆಯುವುದು ಬಿಡಿ. ಅಳತೆ ಹಿಡಿದು ಹುಡುಕಿ.

ಮೊದಲು, ಹೋಗಿದ್ದು ಏನು?

ಪ್ಲಗ್ ಕಿತ್ತು ಮುಂದುವರಿಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು. ಬ್ಯಾಗ್, ಫಿಲ್ಟರ್ ನೋಡಿ ವಾಪಸ್ ಕೂರಿಸಿ.

ಎಳೆಯುವುದು ಕಮ್ಮಿಯಾಗಿದ್ದರೆ ಪೈಪ್ ತೆಗೆದಿಟ್ಟು, ಮತ್ತೆ ಪ್ಲಗ್ ಹಾಕಿ ಮಷಿನ್ ಓಡಿಸಿ, ಅದರ ಬಾಯಿಗೆ ಅಂಗೈ ಹಿಡಿಯಿರಿ. ಗಟ್ಟಿಯಾಗಿ ಎಳೆದರೆ ತೊಂದರೆ ಪೈಪಿನದ್ದು. ಪೈಪಿನ ಒಂದು ತುದಿಯಿಂದ ನಾಣ್ಯ ಬಿಟ್ಟು ನೋಡಿ. ಇನ್ನೊಂದು ತುದಿಯಲ್ಲಿ ಬೀಳದಿದ್ದರೆ ಒಳಗೆ ಏನೋ ಸಿಕ್ಕಿಕೊಂಡಿದೆ. ಕೈಗೂ ಎಳೆತ ಸಿಗದಿದ್ದರೆ ಪ್ಲಗ್ ಕಿತ್ತು ಬ್ಯಾಗ್, ಫಿಲ್ಟರ್ ಇನ್ನೊಮ್ಮೆ ನೋಡಿ. ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆಯ ಬ್ಯಾಗಿಗೆ ಧೂಳು ಥಂಡಿ ಹಿಡಿದು ಗಟ್ಟಿ ಪದರವಾಗಿ ಅಂಟುತ್ತದೆ. ನೋಡಲು ಬ್ಯಾಗ್ ಖಾಲಿ, ಗಾಳಿ ಮಾತ್ರ ಹೋಗುವುದಿಲ್ಲ.

ಓಡುತ್ತಾ ಓಡುತ್ತಾ ನಿಂತು, ಅರ್ಧ ಗಂಟೆ ಬಿಟ್ಟರೆ ತಾನೇ ಶುರುವಾಗುತ್ತದೆಯೇ? ಬಿಸಿ ಏರಿದಾಗ ಕರೆಂಟ್ ಕಡಿಯುವ ಕಟ್‌ಆಫ್ ಕೆಲಸ ಮಾಡಿರಬಹುದು. ಗಾಳಿಯ ದಾರಿ ಸ್ವಚ್ಛ ಮಾಡಿದರೆ ಪಾರ್ಟ್ಸ್ ಬೇಕಾಗದೇ ಹೋಗಬಹುದು. ಸುಟ್ಟ ವಾಸನೆ, ಹಿಂದಿನ ಜಾಲರಿಯಲ್ಲಿ ಜೋರು ಕಿಡಿ, ಆಗಾಗ ನಿಂತು ಓಡುವುದು, ಇವು ಕಾರ್ಬನ್ ಸವೆದ ಲಕ್ಷಣ. ಕಿರ್ರೆಂದು ಕಿವಿ ಕೊರೆಯುವ ಸದ್ದಾದರೆ ಬೇರಿಂಗು.

ನಂಬರ್ ಎಲ್ಲಿದೆ, ಅಳತೆ ಹೇಗೆ?

ತಳದ ಸ್ಟಿಕ್ಕರಿನಲ್ಲಿ ಮಾಡೆಲ್, ವೋಲ್ಟೇಜ್, ವ್ಯಾಟ್ ಇರುತ್ತದೆ. ಫೋಟೊ ತೆಗೆದಿಟ್ಟುಕೊಳ್ಳಿ. ಕರಾವಳಿಯ ಉಪ್ಪು ಗಾಳಿಗೆ ಸ್ಟಿಕ್ಕರ್ ಮಾಸಿಹೋಗಿದ್ದರೆ ಚಿಂತೆ ಬೇಡ. ಅದಕ್ಕಿಂತ ಜಾಸ್ತಿ ಉಪಯೋಗದ ನಂಬರ್ ಭಾಗದ ಮೇಲೇ ಇರುತ್ತದೆ. ಫಿಲ್ಟರಿನ ಚೌಕಟ್ಟು ಅಥವಾ ಬ್ಯಾಗಿನ ಕಾಲರ್ (ಬಾಯಿಯ ಗಟ್ಟಿ ಪಟ್ಟಿ) ತಿರುಗಿಸಿ ಟಾರ್ಚ್ ಹಿಡಿದರೆ ಪ್ಲಾಸ್ಟಿಕ್ಕಿನಲ್ಲಿ ಉಬ್ಬಿದ ಅಂಕಿ ಕಾಣಬಹುದು. ಒಂದೇ ಭಾಗವನ್ನು ಕಂಪನಿಗಳು ಅದೇ ಸರಣಿಯ ನಾಲ್ಕಾರು ಮಾಡೆಲ್‌ಗೆ ಹಾಕುತ್ತವೆ. ಆನ್‌ಲೈನಿನಲ್ಲಿ ಈ ಅಂಕಿಯನ್ನೇ ಹೊಡೆದು ನೋಡಿ.

ಅಳತೆಗೆ ವರ್ನಿಯರ್ (ಮಿ.ಮೀ.ನ ಭಾಗವನ್ನೂ ಅಳೆಯುವ ಕೈಸಾಧನ) ಬೇಕು. ಮನೆಯಲ್ಲಿಲ್ಲವೆಂದರೆ ಹತ್ತಿರದ ಲೇತ್ ಅಂಗಡಿಗೆ ಹೋಗಿ, ಎರಡು ನಿಮಿಷದ ಕೆಲಸ. ಪೈಪಿನ ತುದಿಯ ಒಳ ವ್ಯಾಸ, ಹೊರ ವ್ಯಾಸ ಎರಡನ್ನೂ ಬರೆದುಕೊಳ್ಳಿ. 32 ಮತ್ತು 35 ಮಿ.ಮೀ. ಜಾಸ್ತಿ ಕಾಣುವ ಅಳತೆಗಳು, ಒಂದರಿಂದ ಇನ್ನೊಂದಕ್ಕೆ ಅಡಾಪ್ಟರೂ ಸಿಗುತ್ತದೆ.

ಕಾರ್ಬನ್, ಬೇರಿಂಗ್: ವೈಂಡಿಂಗ್ ಅಂಗಡಿಗೆ ಹೋಗಿ

ಇದೊಂದು ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಅನುಕೂಲ ಜಾಸ್ತಿ. ತೋಟದ ಪಂಪ್‌ಸೆಟ್ಟು, ಅಡಿಕೆ ಸುಲಿಯುವ ಯಂತ್ರ, ಮಿಕ್ಸಿ, ಗ್ರೈಂಡರು ಇರುವ ಊರಲ್ಲಿ ಮೋಟಾರ್ ವೈಂಡಿಂಗ್ ಮಾಡುವವರು ಇದ್ದೇ ಇರುತ್ತಾರೆ. ಅಲ್ಲಿ ವ್ಯಾಕ್ಯೂಮಿನ ಮಾತೇ ಎತ್ತಬೇಡಿ. ಹಳೇ ಕಾರ್ಬನ್ ಮೇಜಿನ ಮೇಲಿಟ್ಟು "ಈ ಸೈಜಿಂದು ಕೊಡಿ" ಅನ್ನಿ.

ಕಾರ್ಬನ್ನಿಗೆ ಮೂರು ಅಳತೆ: ದಪ್ಪ, ಅಗಲ, ಉದ್ದ. ಉದ್ದ ಸವೆದಿರುತ್ತದೆ, ಹಾಗಾಗಿ ಮೊದಲಿನ ಎರಡನ್ನು ನೋಡಿ. ಸರಿಯಾದದ್ದು ಸಿಗದಿದ್ದರೆ ಕೂದಲೆಳೆ ದೊಡ್ಡದನ್ನು ತಂದು, ಸಪಾಟಾದ ಜಾಗದಲ್ಲಿ ಸ್ಯಾಂಡ್ ಪೇಪರ್ ಹಾಸಿ, ನಾಲ್ಕೂ ಮೈ ಸಮನಾಗಿ ಉಜ್ಜಿ. ಮೋಟಾರಿನಲ್ಲಿ ಕಾರ್ಬನ್ ಕೂರುವ ಗೂಡಿನೊಳಗೆ ಅದು ಸಲೀಸಾಗಿ ಜಾರಬೇಕು, ಆದರೆ ಅಲ್ಲಾಡಬಾರದು. ಚಿಕ್ಕದನ್ನು ಮಾತ್ರ ತರಬೇಡಿ, ಅದು ಗೂಡಿನಲ್ಲಿ ಕುಣಿದು ಕಿಡಿ ಹಾರಿಸುತ್ತದೆ. ಒಂದೇ ಸವೆದಿದ್ದರೂ ಎರಡನ್ನೂ ಬದಲಿಸಿ. ಹೊಸದು ಹಾಕಿದ ಮೊದಲಿಗೆ ಸ್ವಲ್ಪ ಕಿಡಿ ಕಂಡರೆ ಗಾಬರಿ ಬೇಡ. ಕಾರ್ಬನ್ನಿನ ಮುಖ ದುಂಡಗೆ ಸವೆದು ಕೂರುವವರೆಗೆ ಹಾಗೇ. ಸ್ಪೀಡ್ ಕಂಟ್ರೋಲ್ ಇದ್ದರೆ ಆಗ ಕಮ್ಮಿಯಲ್ಲಿ ಓಡಿಸಿ.

ಬೇರಿಂಗಿನ ಅಂಚಿನಲ್ಲಿ ನಂಬರ್ ಕೆತ್ತಿರುತ್ತಾರೆ. 608 ಅಂತಿದ್ದರೆ ಒಳ ತೂತು 8 ಮಿ.ಮೀ., ಹೊರಗೆ 22, ದಪ್ಪ 7. ಯಾವ ದೇಶದ ಯಾವ ಕಂಪನಿ ಮಾಡಿದರೂ ಇದೇ ಅಳತೆ. ಮಕ್ಕಳ ಸ್ಕೇಟಿಂಗ್ ಚಕ್ರದಲ್ಲಿರುವುದೂ ಇದೇ ನಂಬರಿನದು. ಹಾಗಂತ ಅದನ್ನು ಕಿತ್ತು ಹಾಕಬೇಡಿ. ಈ ಮೋಟಾರ್ ನಿಮಿಷಕ್ಕೆ 20,000 ಸುತ್ತು ದಾಟಿ ತಿರುಗುತ್ತದೆ, ಅಗ್ಗದ ಬೇರಿಂಗ್ ತಡೆಯುವುದಿಲ್ಲ. ಹೆಸರಿರುವ ಕಂಪನಿಯದ್ದೇ ತಗೊಳ್ಳಿ. ಕೀಳಲು, ಹಾಕಲು ಸುತ್ತಿಗೆ ಬೇಡ, ವೈಂಡಿಂಗ್‌ನವರಿಂದಲೇ ಮಾಡಿಸಿ. ಹಳೇದನ್ನು ಕೀಳುವ ಪುಲ್ಲರ್ ಅವರ ಹತ್ತಿರ ಇರುತ್ತದೆ.

ಆರ್ಮೇಚರ್ (ಮೋಟಾರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗ) ಸುಟ್ಟಿದ್ದರೆ ಮತ್ತೆ ತಂತಿ ಸುತ್ತಿಸುವುದು ನನಗೇನೋ ಸರಿ ಕಾಣುವುದಿಲ್ಲ. ಆ ವೇಗದಲ್ಲಿ ತೂಕ ಸ್ವಲ್ಪ ತಪ್ಪಿದರೂ ಇಡೀ ಮಷಿನ್ ನಡುಗುತ್ತದೆ. ಮೋಟಾರನ್ನೇ ಬದಲಿಸಿ. ವ್ಯಾಸ, ಒಟ್ಟು ಎತ್ತರ, ಫ್ಯಾನ್ ಇರುವ ಡಬ್ಬಿಯ ಎತ್ತರ, ವ್ಯಾಟ್, ಈ ನಾಲ್ಕು ಹೊಂದಬೇಕು. ಒಂದು ಎಚ್ಚರ: ನೀರನ್ನೂ ಎಳೆಯುವ ಮಷಿನ್ನಿಗೆ ಒಣ ಧೂಳಿನ ಮಷಿನ್ನಿನ ಮೋಟಾರ್ ಹಾಕಬಾರದು. ಒಣದರಲ್ಲಿ ಎಳೆದ ಗಾಳಿಯೇ ಮೋಟಾರಿನ ಮೈಮೇಲೆ ಹಾದು ಅದನ್ನು ತಂಪು ಮಾಡುತ್ತದೆ. ಅಲ್ಲಿ ನೀರಿನ ಪಸೆ ಬಂದರೆ ಶಾಕ್ ಹೊಡೆಯಬಹುದು.

ಪೈಪ್, ಬ್ಯಾಗ್, ಫಿಲ್ಟರ್

ಪೈಪ್ ಹರಿಯುವುದು ಜಾಸ್ತಿಯಾಗಿ ತುದಿಯ ಹಿಡಿಕೆಯ ಹತ್ತಿರ. ಅಲ್ಲಿ ಟೇಪ್ ಸುತ್ತಿದರೆ ವಾರ ನಿಲ್ಲುವುದಿಲ್ಲ. ಎಷ್ಟೋ ಪೈಪುಗಳಲ್ಲಿ ಆ ಹಿಡಿಕೆ ಸುರುಳಿಯ ಮೇಲೆ ತಿರುಪಿ ಕೂತಿರುತ್ತದೆ. ತಿರುಗಿಸಿ ಬಿಚ್ಚಿ, ಹರಿದ ತುಂಡು ಕತ್ತರಿಸಿ, ಮತ್ತೆ ತಿರುಪಿ. ಬಲಕ್ಕೆ ಬಾರದಿದ್ದರೆ ಎಡಕ್ಕೆ ನೋಡಿ. ಪೈಪ್ ಒಂದು ಗೇಣು ಗಿಡ್ಡ ಆದೀತು, ಖರ್ಚು ಸೊನ್ನೆ.

ಬ್ಯಾಗಿನಲ್ಲಿ ಸಿಗದೇ ಇರುವುದು ಕಾಲರ್ ಮಾತ್ರ. ಅದನ್ನು ಹುಷಾರಾಗಿ ಬಿಡಿಸಿ ಟೈಲರ್ ಹತ್ತಿರ ಒಯ್ಯಿರಿ. ಒತ್ತಾದ ನೇಯ್ಗೆಯ ದಪ್ಪ ಬಟ್ಟೆ ಕೊಡಿ. ತೆಳು ದಿಂಬಿನ ಬಟ್ಟೆ ಬೇಡ, ಸಣ್ಣ ಧೂಳು ಅದರಲ್ಲಿ ಸೋಸಿ ಮೋಟಾರಿಗೆ ಹೋಗುತ್ತದೆ. ತಳ ಹೊಲಿಸದೆ ಬಿಟ್ಟು, ಮಡಚಿ ಕ್ಲಿಪ್ ಹಾಕಿಕೊಂಡರೆ ಖಾಲಿ ಮಾಡಲು ಸುಲಭ.

ಸ್ಪಾಂಜ್ ಫಿಲ್ಟರನ್ನು ಗಾಳಿಯಾಡುವ ಸ್ಪಾಂಜ್ ಹಾಳೆಯಲ್ಲಿ ಕತ್ತರಿಸಿಕೊಳ್ಳಬಹುದು. ತೀರಾ ಸಣ್ಣ ಧೂಳನ್ನೂ ಹಿಡಿಯುವ, ಮಡಿಕೆ ಮಡಿಕೆಯ ಹೆಪಾ ಫಿಲ್ಟರಿಗೆ ಉದ್ದ, ಅಗಲ, ದಪ್ಪ ಅಳೆದು ಹತ್ತಿರದ್ದನ್ನು ತರಿಸಿ. ಸುತ್ತ ಸಂದು ಉಳಿದರೆ ಕಿಟಕಿಗೆ ಅಂಟಿಸುವ ಫೋಮ್ ಪಟ್ಟಿ ಹಚ್ಚಿ. ತೊಳೆಯಬಹುದು ಎಂದು ಬರೆದಿರದ ಹೆಪಾವನ್ನು ತೊಳೆಯಬೇಡಿ. ತೊಳೆದದ್ದನ್ನು ಪೂರ್ತಿ ಒಣಗದೆ ಹಾಕಬೇಡಿ. ಆಷಾಢದಲ್ಲಿ ಅದಕ್ಕೆ ಎರಡು ಮೂರು ದಿನ ಬೇಕಾದೀತು.

ಊರಲ್ಲಿ ಸಿಗದಿದ್ದರೆ

ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ, ಕಾರವಾರದವರಿಗೆ ಮಡಗಾಂವ್ ಹತ್ತಿರ. ಬೆಂಗಳೂರಿನಲ್ಲಿ ಯಾರಾದರೂ ಇದ್ದರೆ ಎಸ್.ಪಿ. ರಸ್ತೆಗೆ ಕಳಿಸಿ. ಸುಮ್ನೆ ಹೊರಡಬೇಡಿ. ಭಾಗವನ್ನು ಸ್ಕೇಲಿನ ಪಕ್ಕ ಇಟ್ಟು ಫೋಟೊ ತೆಗೆದು ಮೊದಲು ಅಂಗಡಿಗೆ ವಾಟ್ಸಾಪ್ ಮಾಡಿ. ಇದೆ ಅಂದರೆ ಬಸ್ಸಿನ ಪಾರ್ಸೆಲ್ಲಿನಲ್ಲೇ ತರಿಸಿಕೊಳ್ಳಬಹುದು.

ಕಂಪನಿ ಇನ್ನೂ ನಡೆಯುತ್ತಿದ್ದರೆ ಅವರಿಗೂ ಒಂದು ಇಮೇಲ್ ಹಾಕಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ಶುರುಮಾಡಿದೆ. ರಿಪೇರಿ, ಬಿಡಿಭಾಗಗಳ ಮಾಹಿತಿಯನ್ನು ಕಂಪನಿಗಳು ಅಲ್ಲಿ ಹಾಕಲಿ ಎಂಬುದು ಉದ್ದೇಶ. ಗ್ಯಾರಂಟಿ ಇದ್ದೂ ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915 ಇದೆ.

ಲಾಕ್, ಚಕ್ರ, ಮುಚ್ಚಳದಂಥ ಪ್ಲಾಸ್ಟಿಕ್ ಭಾಗಗಳೇ ನಿಜವಾದ ತಲೆನೋವು. ಅವಕ್ಕೆ ಇರುವುದು ಒಂದೇ ದಾರಿ, ಅದೇ ಮಾಡೆಲ್ಲಿನ ಸತ್ತ ಮಷಿನ್. ಗುಜರಿಯವರಿಗೆ ಫೋಟೊ ಕೊಟ್ಟಿಡಿ, ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿ. ಸಿಕ್ಕರೆ ಬೇಕಾದ ಲಾಕೊಂದನ್ನೇ ಕಿತ್ತುಕೊಂಡು ಉಳಿದದ್ದು ಎಸೆಯಬೇಡಿ. ಪೈಪ್, ಬ್ರಷ್, ವಾಯರ್ ಸುತ್ತುವ ಚಕ್ರ, ಸ್ಕ್ರೂ ಎಲ್ಲಾ ಒಂದು ಚೀಲಕ್ಕೆ ಹಾಕಿ, ಮೇಲೆ ಮಾಡೆಲ್ ನಂಬರ್ ಬರೆದಿಡಿ.